ಶಾಸನ ಓದಿ ಇತಿಹಾಸ ತಿಳಿಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಊರೂರು ತಿರುಗಿ ಶಾಸನದ ಕಲ್ಲು ಹುಡುಕುವ, ಪಡಿಯಚ್ಚು (ಕಲ್ಲಿನ ಬರಹವನ್ನು ಕಾಗದಕ್ಕೆ ಇಳಿಸಿದ ಪ್ರತಿ) ತೆಗೆಯುವ ಗುಂಪಿನಲ್ಲಿ ನಾನೂ ಒಬ್ಬ. ಕಲ್ಲು ತೊಳೆಯಲು ಶುರು ಮಾಡಿದರೆ ಸಾಕು, ಸುತ್ತ ಜನ ಸೇರುತ್ತಾರೆ. ಮೊದಲು ಬರುವ ಪ್ರಶ್ನೆ "ಇದರಲ್ಲಿ ಏನು ಬರೆದಿದೆ?" ಎಂದು. ಓದಿ ಹೇಳಿದ ಮೇಲೆ ಬರುವುದು "ಅದು ನಿಜ ಅಂತ ನಿಮಗೆ ಹೇಗೆ ಗೊತ್ತು?" ಎಂದು. ಈ ಎರಡನೆಯ ಪ್ರಶ್ನೆ ಕೇಳಿದಾಗ ನನಗೆ ತುಂಬಾ ಖುಷಿಯಾಗುತ್ತದೆ. ಇಲ್ಲಿರುವ ಉತ್ತರಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ.

ಶಾಸನ ಅಂದರೆ ರಾಜನ ಆಜ್ಞೆ ತಾನೇ?

ಕೆಲವು ಮಾತ್ರ. ನಮ್ಮ ಕಡೆ ಜಾಸ್ತಿ ಸಿಗುವುದು ದಾನದ ದಾಖಲೆ. ಯಾರೋ ದೇವಸ್ಥಾನಕ್ಕೆ ಗದ್ದೆ ಬಿಟ್ಟಿರುತ್ತಾರೆ, ಕೆರೆ ಕಟ್ಟಿಸಿರುತ್ತಾರೆ, ಬಸದಿಯ ದೀಪಕ್ಕೆ ಎಣ್ಣೆಯ ಏರ್ಪಾಡು ಮಾಡಿರುತ್ತಾರೆ. ದನ ಹಿಡಿದುಕೊಂಡು ಹೋದವರ ಜೊತೆ ಹೋರಾಡಿ ಸತ್ತವನಿಗೆ ವೀರಗಲ್ಲು. ಗಂಡನ ಜೊತೆ ಚಿತೆ ಏರಿದವಳಿಗೆ ಮಾಸ್ತಿಕಲ್ಲು. ಸಲ್ಲೇಖನ, ಅಂದರೆ ಉಪವಾಸ ವ್ರತ ಮಾಡಿ ದೇಹ ಬಿಟ್ಟ ಜೈನರಿಗೆ ನಿಸಿದಿ ಕಲ್ಲು. ಬರಹವೇ ಇಲ್ಲದ ವೀರಗಲ್ಲುಗಳೂ ಬೇಕಾದಷ್ಟಿವೆ.

ದಾನದ ಶಾಸನ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೇಲ್ಗಡೆ ಸೂರ್ಯ, ಚಂದ್ರ, ಲಿಂಗ, ಹಾಲು ಕುಡಿಸುವ ಹಸು. ಕೆಳಗೆ ದೇವರ ಸ್ತುತಿ, ರಾಜನ ಹೊಗಳಿಕೆ, ದಿನ, ಕೊಟ್ಟಿದ್ದೇನು, ಅದರ ಎಲ್ಲೆ ಎಲ್ಲಿಂದ ಎಲ್ಲಿಗೆ. ಕೊನೆಗೆ ಶಾಪ. ಈ ದಾನವನ್ನು ಕಿತ್ತುಕೊಂಡವನು ಅರುವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು.

ನನ್ನನ್ನು ಕೇಳಿದರೆ ಇದರಲ್ಲಿ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಎಲ್ಲೆಯ ಸಾಲು. ಮೂಡಲಲ್ಲಿ ಯಾವ ಕೆರೆ, ತೆಂಕಲಲ್ಲಿ ಯಾವ ಹಳ್ಳ, ಯಾವ ಊರಿನ ಹಾದಿ. ಅಲ್ಲಿ ಉತ್ಪ್ರೇಕ್ಷೆ ಮಾಡಿ ಯಾರಿಗೂ ಲಾಭವಿರಲಿಲ್ಲ. ಓದುವ ಊರವರಿಗೆ ಆ ಹಳ್ಳ ಕಣ್ಣೆದುರಿಗೇ ಇತ್ತು.

ಓದಲು ಬರುವವರೇ ಇಲ್ಲದ ಲಿಪಿಯನ್ನು ಮೊದಲು ಓದಿದ್ದು ಹೇಗೆ?

ಅಶೋಕನ ಕಾಲದ ಬ್ರಾಹ್ಮಿ ಲಿಪಿಯ ಕಥೆ ಅದು. ಅಶೋಕನ ಕಂಬಗಳ ಮೇಲಿನ ಬರಹವನ್ನು ನೂರಾರು ವರ್ಷ ಜನ ನೋಡುತ್ತಲೇ ಇದ್ದರು. ಓದಬಲ್ಲವರು ಯಾರೂ ಉಳಿದಿರಲಿಲ್ಲ. 1837ರಲ್ಲಿ ಅದನ್ನು ಓದಿದವರು ಕಲ್ಕತ್ತಾದ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್.

ಅವರಿಗೆ ದಾರಿ ತೋರಿಸಿದ್ದು ದೊಡ್ಡ ಶಾಸನಗಳಲ್ಲ, ಚಿಕ್ಕ ಚಿಕ್ಕವು. ಸಾಂಚಿ ಸ್ತೂಪದ ಸುತ್ತಲಿನ ಕಲ್ಲಿನ ಬೇಲಿಯ ಮೇಲೆ ಒಂದೊಂದು ಸಾಲಿನ ಬರಹಗಳಿದ್ದವು. ಅವುಗಳಲ್ಲಿ ಬಹಳಷ್ಟು ಅವೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಗುಡಿಯ ಕಂಬ, ಕಲ್ಲುಗಳ ಮೇಲೆ ಎಲ್ಲರೂ ಬರೆಸುವ ಮಾತು ಯಾವುದು? ಇಂಥವರ ದಾನ ಎಂದು. ಹಾಗಾದರೆ ಕೊನೆಯ ಪದ 'ದಾನಂ' ಇರಬೇಕು. ಅಲ್ಲಿಗೆ 'ದ' ಮತ್ತು 'ನ' ಸಿಕ್ಕಿದವು. ಆ ಊಹೆಯನ್ನು ಬೇರೆ ಬೇರೆ ಕಡೆಯ ಬರಹಗಳಿಗೆ ಹಾಕಿ ನೋಡಿದರು. ಅಲ್ಲೂ ಅರ್ಥ ಬಂತು.

ಒಬ್ಬರೇ ಕೂತು ಮಾಡಿದ ಕೆಲಸ ಇದಲ್ಲ. ದೇಶದ ಮೂಲೆಮೂಲೆಯಿಂದ ಜನ ಪ್ರತಿ ಮಾಡಿ ಕಳಿಸುತ್ತಿದ್ದರು. ಜರ್ಮನಿಯಲ್ಲಿದ್ದ ಲಾಸೆನ್ ಎಂಬ ವಿದ್ವಾಂಸರು ಗ್ರೀಕ್ ಮತ್ತು ಬ್ರಾಹ್ಮಿ ಎರಡೂ ಇದ್ದ ನಾಣ್ಯದ ಸಹಾಯದಿಂದ ಕೆಲವು ಅಕ್ಷರಗಳನ್ನು ಮೊದಲೇ ಗುರುತಿಸಿದ್ದರು.

ಅಶೋಕನ ಹೆಸರು ಮಸ್ಕಿಯಲ್ಲಿ ಸಿಕ್ಕಿತು ಅಂತಾರೆ. ಅದಕ್ಕೆ ಮೊದಲು ಅಶೋಕ ಯಾರು ಅಂತ ಗೊತ್ತಿರಲಿಲ್ವಾ?

ಗೊತ್ತಿತ್ತು, ಆದರೆ ತರ್ಕದಿಂದ. ಪ್ರಿನ್ಸೆಪ್ ಓದಿದ ಕಂಬಗಳಲ್ಲಿ ರಾಜ ತನ್ನನ್ನು 'ದೇವಾನಂಪಿಯ ಪಿಯದಸಿ' ಎಂದು ಕರೆದುಕೊಂಡಿದ್ದ. ದೇವರಿಗೆ ಪ್ರಿಯನಾದವನು, ಪ್ರಿಯವಾಗಿ ನೋಡುವವನು. ಇವೆರಡೂ ಬಿರುದುಗಳು. ಹೆಸರು ಎಲ್ಲೂ ಇಲ್ಲ. ಸಿಂಹಳದ ಒಬ್ಬ ರಾಜನಿಗೂ ದೇವಾನಂಪಿಯ ಎಂಬ ಹೆಸರಿತ್ತು. ಹಾಗಾಗಿ ಇದು ಅವನೇ ಇರಬಹುದು ಎಂದು ಪ್ರಿನ್ಸೆಪ್ ಮೊದಲು ಅಂದುಕೊಂಡರು. ಸಿಂಹಳದಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ವಂಶಾವಳಿಗಳನ್ನು ಓದುತ್ತಿದ್ದರು. ಚಂದ್ರಗುಪ್ತನ ಮೊಮ್ಮಗ ಅಶೋಕನಿಗೇ ಪಿಯದಸಿ ಎಂಬ ಹೆಸರೂ ಇತ್ತು ಎಂದು ಅವರಿಗೆ ಸಿಕ್ಕಿತು. ಪ್ರಿನ್ಸೆಪ್ ತಮ್ಮ ಮೊದಲ ಅಭಿಪ್ರಾಯ ಬಿಟ್ಟರು.

ಕಂಬ ಇರುವುದು ದೆಹಲಿಯಲ್ಲಿ, ಅಲಹಾಬಾದಿನಲ್ಲಿ. ಗ್ರಂಥ ಇರುವುದು ಸಮುದ್ರದಾಚೆ. ಎರಡನ್ನೂ ಜೋಡಿಸಿದ್ದು ಒಂದು ಬಿರುದು. ವಾದ ಚೆನ್ನಾಗಿತ್ತು, ಹೆಚ್ಚಿನವರು ಒಪ್ಪಿದರು. ಆದರೂ ಕಲ್ಲೇ ಬಾಯಿಬಿಟ್ಟು 'ಅಶೋಕ' ಎಂದು ಹೇಳಿರಲಿಲ್ಲ.

ಹೀಗೇ 78 ವರ್ಷ ಕಳೆಯಿತು. 1915ರಲ್ಲಿ ಹೈದರಾಬಾದ್ ನಿಜಾಮರ ಸೀಮೆಯಲ್ಲಿ ಚಿನ್ನದ ಗಣಿಗೆ ಕೆಲಸ ಮಾಡುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಇಂದಿನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಒಂದು ಬಂಡೆಯ ಮೇಲೆ ಬರಹ ಕಂಡರು. ಅದನ್ನು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿಗಳು. ಬಂಡೆಯಲ್ಲಿ ದೇವಾನಂಪಿಯ ಎಂಬ ಬಿರುದಿನ ಪಕ್ಕದಲ್ಲೇ 'ಅಸೋಕಸ' ಎಂದಿತ್ತು. ಅಶೋಕನ, ಎಂದು ಅರ್ಥ.

ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೆಗೋಳದಲ್ಲಿ, ಮಧ್ಯಪ್ರದೇಶದ ಗುಜರ್ರಾದಲ್ಲಿ ಕೂಡ ಆ ಹೆಸರು ಸಿಕ್ಕಿತು. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ರಾಜ ರಾಣಿಯರ ಕೆತ್ತನೆಯ ಕೆಳಗೆ 'ರಾಯೋ ಅಸೋಕೋ' ಎಂದು ಬರೆದಿದೆ. ಆ ಕೆತ್ತನೆ ಅಶೋಕನ ಕಾಲದ್ದಲ್ಲ, ನಂತರದ್ದು. ಹಾಗಾಗಿ ಅಶೋಕ ನೋಡಲು ಹಾಗೇ ಇದ್ದ ಎಂದು ಹೇಳಲು ಬರುವುದಿಲ್ಲ. ಶಿಲ್ಪಿಯ ಕಾಲದ ಜನ ಅವನನ್ನು ನೆನಪಿಟ್ಟುಕೊಂಡಿದ್ದರು ಎಂದಷ್ಟೇ ಹೇಳಬಹುದು.

ಟರ್ನರ್ ಅವರ ಮಾತು ಸರಿ ಎಂದು ಮಸ್ಕಿಯ ಬಂಡೆ ತೋರಿಸಿತು. ಅದು ತಪ್ಪು ಎಂದು ತೋರಿಸುವ ಸಾಧ್ಯತೆಯೂ ಇತ್ತು. ಆ ಹೆಸರಿನ ಜಾಗದಲ್ಲಿ ಬೇರೆ ಯಾರದೋ ಹೆಸರು ಇದ್ದಿದ್ದರೆ ನಮ್ಮ ಪಠ್ಯಪುಸ್ತಕಗಳನ್ನು ಮತ್ತೆ ಬರೆಯಬೇಕಾಗುತ್ತಿತ್ತು.

ಫೋಟೋ ತೆಗೆದರೆ ಸಾಲದಾ? ಪಡಿಯಚ್ಚು ಯಾಕೆ?

ಫೋಟೋನೂ ಬೇಕು. ಆದರೆ ಸವೆದ ಕಲ್ಲಿನಲ್ಲಿ ಬೆಳಕು ಮೋಸ ಮಾಡುತ್ತದೆ. ಬಿರುಕು ದೀರ್ಘದ ಹಾಗೆ ಕಾಣುತ್ತದೆ, ಅಸಲಿ ದೀರ್ಘ ನೆರಳಿನಲ್ಲಿ ಮುಚ್ಚಿಹೋಗುತ್ತದೆ.

ಪಡಿಯಚ್ಚು ತೆಗೆಯುವುದು ಹೀಗೆ. ಮೊದಲು ಕಲ್ಲಿನ ಮೇಲಿನ ಪಾಚಿ, ಮಣ್ಣು, ಕುಂಕುಮ, ಎಣ್ಣೆ ಜಿಡ್ಡು ಎಲ್ಲ ಹೋಗುವಂತೆ ನೀರು ಹಾಕಿ ಬ್ರಷ್‌ನಿಂದ ಉಜ್ಜಬೇಕು. ತಂತಿಯ ಬ್ರಷ್ ಖಂಡಿತ ಬೇಡ. ಆಮೇಲೆ ಇದಕ್ಕೆಂದೇ ಇರುವ ಮೆತ್ತನೆಯ ಕಾಗದವನ್ನು ಒದ್ದೆ ಮಾಡಿ ಕಲ್ಲಿಗೆ ಹೊದಿಸಬೇಕು. ಗಾಳಿ ಗುಳ್ಳೆ ಉಳಿಯಬಾರದು. ಗಟ್ಟಿ ಕೂದಲಿನ ಬ್ರಷ್‌ನಿಂದ ಒಂದೇ ಹದದಲ್ಲಿ ಬಡಿಯುತ್ತಾ ಹೋದರೆ ಕಾಗದ ಅಕ್ಷರದ ಗುಳಿಯೊಳಗೆ ಇಳಿಯುತ್ತದೆ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಇಳಿಯುವುದೇ ಇಲ್ಲ. ಕಾಗದ ಅರ್ಧ ಒಣಗುವವರೆಗೆ ಕಾಯಬೇಕು. ಆಗ ಬಟ್ಟೆಯ ಮೆತ್ತೆಗೆ ಕಪ್ಪು ಮಸಿ ತಾಗಿಸಿ, ಮೇಲಿಂದ ಮೇಲೆ ಒತ್ತುತ್ತಾ ಬರಬೇಕು. ಗುಳಿಗೆ ಇಳಿದ ಕಡೆ ಮಸಿ ತಾಗುವುದಿಲ್ಲ. ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರ ಒಂದೊಂದಾಗಿ ಎದ್ದು ಬರುತ್ತವೆ. ಬರಿಗಣ್ಣಿಗೆ ಏನೂ ಇಲ್ಲ ಎನ್ನಿಸಿದ ಕಲ್ಲಿನಲ್ಲಿ 'ಸ್ವಸ್ತಿ ಶ್ರೀ' ಮೂಡುವುದನ್ನು ನೋಡಬೇಕು. ಸುತ್ತ ನಿಂತ ಜನ ಮಾತು ನಿಲ್ಲಿಸುತ್ತಾರೆ.

ಇದರ ದೊಡ್ಡ ಲಾಭ ಬೇರೆಯೇ ಇದೆ. ಪಡಿಯಚ್ಚು ಕಲ್ಲಿನಷ್ಟೇ ದೊಡ್ಡದು, ಮತ್ತು ಮಡಿಚಿ ಒಯ್ಯಬಹುದು. ನಾನು ಓದಿದ್ದು ತಪ್ಪು ಎಂದು ನಿಮಗೆ ಅನ್ನಿಸಿದರೆ ನನ್ನ ಮಾತು ನಂಬಬೇಕಿಲ್ಲ, ಹಾಳೆ ಬಿಡಿಸಿ ನೀವೇ ಓದಬಹುದು. ಕಲ್ಲು ಒಡೆದುಹೋದ ಮೇಲೂ ಓದಬಹುದು. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ 1966ರಿಂದ ಮೈಸೂರಿನಲ್ಲಿದೆ. ದೇಶದ ಬೇರೆ ಬೇರೆ ಕಡೆಯ ಪಡಿಯಚ್ಚುಗಳು ಅಲ್ಲಿ ಸೇರಿವೆ. ಮೂಲ ಕಲ್ಲು ಈಗ ಎಲ್ಲಿದೆಯೋ ತಿಳಿಯದ ಶಾಸನಗಳೂ ಹೀಗೆ ಕಾಗದದಲ್ಲಿ ಉಳಿದುಕೊಂಡಿವೆ.

ಈಗ ಮೂರು ಆಯಾಮದ ಸ್ಕ್ಯಾನಿಂಗ್ ಬಂದಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಮುತ್ತಲಿನ ಶಾಸನಗಳನ್ನು ಹಾಗೆ ದಾಖಲಿಸುವ ಕೆಲಸ ಮಾಡಿದೆ. ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ದಿಕ್ಕಿನಿಂದ ಬೀಳಿಸಿ ಒಂದೊಂದು ಅಕ್ಷರವನ್ನೂ ಪರೀಕ್ಷೆ ಮಾಡಬಹುದು. ಹಳೆಯ ಸಂಪುಟಗಳಲ್ಲಿ ತಪ್ಪಾಗಿ ಅಚ್ಚಾಗಿದ್ದ ಓದುಗಳು ಇದರಿಂದ ಸರಿಯಾಗುತ್ತಿವೆ.

ಅಕ್ಷರಕ್ಕೆ ಚಾಕ್‌ಪೀಸ್ ಪುಡಿ ತುಂಬಿದರೆ ಚೆನ್ನಾಗಿ ಕಾಣುತ್ತದಲ್ಲ?

ಕಾಣುತ್ತದೆ. ಆದರೆ ನೀವು ಏನು ಓದಿದಿರೋ ಅದೇ ಕಾಣುತ್ತದೆ. ಯಾವುದು ಗೆರೆ, ಯಾವುದು ಬಿರುಕು ಎಂದು ತೀರ್ಮಾನ ಮಾಡಿದ್ದು ನಿಮ್ಮ ಕೈ. ಆಮೇಲೆ ಆ ಫೋಟೋ ನೋಡಿದವರಿಗೆ ಬೇರೆ ಥರ ಓದುವ ಅವಕಾಶವೇ ಇರುವುದಿಲ್ಲ. ಅದರ ಬದಲು ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಬಿಡಿ. ಅಡ್ಡ ಬೆಳಕಿಗೆ ಅಕ್ಷರ ತಾನಾಗಿ ಏಳುತ್ತದೆ.

ಓದಲಾಗದ ಅಕ್ಷರ ಬಂದರೆ ಏನು ಮಾಡುತ್ತೀರಿ?

ಓದಲಾಗಲಿಲ್ಲ ಎಂದೇ ಬರೆಯುತ್ತೇವೆ. ಅಚ್ಚಾದ ಶಾಸನ ಸಂಪುಟ ತೆಗೆದು ನೋಡಿ. ಅಳಿಸಿಹೋದ ಜಾಗದಲ್ಲಿ ಚುಕ್ಕಿಗಳಿರುತ್ತವೆ. ಅನುಮಾನದ ಅಕ್ಷರ ಚೌಕ ಆವರಣದೊಳಗೆ ಇರುತ್ತದೆ. ಸಂಪಾದಕರಿಗೆ ಎಷ್ಟು ಖಚಿತ, ಎಷ್ಟು ಊಹೆ ಎಂಬುದು ಅಕ್ಷರದ ಮಟ್ಟದಲ್ಲೇ ಗೊತ್ತಾಗುತ್ತದೆ. ಅಡಿಟಿಪ್ಪಣಿಯಲ್ಲಿ 'ಹೀಗೂ ಓದಬಹುದು' ಎಂದು ಬೇರೆ ಪಾಠ ಕೊಟ್ಟಿರುತ್ತಾರೆ. ಆ ಚುಕ್ಕಿಗಳನ್ನು ನೋಡಿದರೆ ನನಗೆ ಆ ಪುಸ್ತಕದ ಮೇಲೆ ನಂಬಿಕೆ ಹೆಚ್ಚಾಗುತ್ತದೆ.

ಶಾಸನದ ಇಸವಿ ಹೇಗೆ ಗೊತ್ತಾಗುತ್ತದೆ?

ಶಕವರ್ಷ ಕೊಟ್ಟಿದ್ದರೆ ಕೆಲಸ ಸುಲಭ. 78 ಕೂಡಿಸಿದರೆ ಇಸವಿ ಸಿಗುತ್ತದೆ. ತಿಂಗಳ ಮೇಲೆ ಒಂದು ವರ್ಷ ಹೆಚ್ಚು ಕಡಿಮೆ ಆಗಬಹುದು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನದಲ್ಲಿ ಶಕ 465 ಎಂದಿದೆ, ಅಂದರೆ 543. ಐಹೊಳೆಯ ಮೇಗುಟಿ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನದಲ್ಲಿ ಶಕ 556 ಇದೆ. ಜೊತೆಗೆ ಭಾರತ ಯುದ್ಧ ಮುಗಿದು 3,735 ವರ್ಷವಾಯಿತು ಎಂಬ ಲೆಕ್ಕವೂ ಇದೆ. ಎರಡೂ 634ಕ್ಕೇ ಬಂದು ಸೇರುತ್ತವೆ. ಅಲ್ಲೇ ರವಿಕೀರ್ತಿ ತಾನು ಕಾಳಿದಾಸ, ಭಾರವಿಯರಷ್ಟು ಕೀರ್ತಿ ಪಡೆದವನು ಎಂದು ಹೇಳಿಕೊಂಡಿದ್ದಾನೆ. ಕಾಳಿದಾಸನ ಕಾಲದ ಬಗ್ಗೆ ಎಷ್ಟೇ ಜಗಳವಿರಲಿ, 634ರ ಈಚೆಗೆ ಅವನನ್ನು ತರಲು ಯಾರಿಗೂ ಆಗುವುದಿಲ್ಲ. ಕಾರಣ ಬಾಗಲಕೋಟೆ ಜಿಲ್ಲೆಯ ಈ ಒಂದು ಸಾಲು.

ಬರೀ ಸಂವತ್ಸರದ ಹೆಸರಿದ್ದರೆ ಕಷ್ಟ, ಅದು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ. ಆಗ ತಿಥಿ, ವಾರ, ಗ್ರಹಣ ಇವು ಸಹಾಯಕ್ಕೆ ಬರುತ್ತವೆ. ಶಾಸನ ಹೇಳುವ ಆ ಅಮಾವಾಸ್ಯೆ ನಿಜವಾಗಿ ಸೋಮವಾರವೇ ಬಂದಿತ್ತಾ, ಅಂದು ಸೂರ್ಯಗ್ರಹಣ ಇತ್ತಾ ಎಂದು ಲೆಕ್ಕ ಹಾಕಬಹುದು. ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ ಅವರು ನೂರಾರು ವರ್ಷಗಳ ಪಂಚಾಂಗವನ್ನು ಕೋಷ್ಟಕ ಮಾಡಿಟ್ಟರು. ಅವರ ಆ ಸಂಪುಟಗಳಿಲ್ಲದೆ ಶಾಸನತಜ್ಞರ ಕೆಲಸ ದಶಕಗಳ ಕಾಲ ನಡೆಯುತ್ತಲೇ ಇರಲಿಲ್ಲ.

ಇಸವಿಯೇ ಇಲ್ಲದಿದ್ದರೆ? ಹಲ್ಮಿಡಿ ಶಾಸನ 450ರದ್ದು ಅಂತ ಹೇಗೆ ಹೇಳುತ್ತಾರೆ?

ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ, ನಿಜ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಅದನ್ನು ಗುರುತಿಸಿ 1936ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಎಂ.ಎಚ್. ಕೃಷ್ಣ. ಅಕ್ಷರಗಳ ಆಕಾರ, ಅದರಲ್ಲಿ ಬರುವ ಕದಂಬರ ಉಲ್ಲೇಖ, ಭಾಷೆಯ ರೂಪ ನೋಡಿ ಸುಮಾರು 450 ಎಂದರು. ಅದಕ್ಕಿಂತ ಈಚೆಗೆ ತರುವ ವಿದ್ವಾಂಸರೂ ಇದ್ದಾರೆ.

ಅಕ್ಷರ ನೋಡಿ ಕಾಲ ಹೇಳುವುದಕ್ಕೆ ಆಧಾರ ಇದು: ಇಸವಿ ಇರುವ ಶಾಸನಗಳನ್ನೆಲ್ಲ ಸಾಲಾಗಿ ಇಟ್ಟರೆ ಒಂದೊಂದು ಅಕ್ಷರ ಹೇಗೆ ಬದಲಾಯಿತು ಎಂದು ಕಾಣುತ್ತದೆ. ತಲೆಕಟ್ಟು ಯಾವಾಗ ಅಗಲವಾಯಿತು, ಹಳಗನ್ನಡದ ೞ ಮತ್ತು ಱ ಅಕ್ಷರಗಳು ಯಾವಾಗ ಮರೆಯಾದವು, 'ಪಾಲು' ಯಾವಾಗ 'ಹಾಲು' ಆಯಿತು. ಇಸವಿ ಇಲ್ಲದ ಕಲ್ಲು ಆ ಸಾಲಿನಲ್ಲಿ ಎಲ್ಲಿ ಕೂರುತ್ತದೋ ಅದೇ ಅದರ ಅಂದಾಜು ಕಾಲ. ಅಂದಾಜು ಎನ್ನುವುದನ್ನು ಮರೆಯಬಾರದು, ಐವತ್ತು ವರ್ಷ ಆಚೀಚೆ ಆಗುವುದು ಮಾಮೂಲು.

ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಕೆಲವು ವರ್ಷಗಳ ಹಿಂದೆ ಉತ್ಖನನ ನಡೆದಾಗ ಸಿಂಹ ಕಟಾಂಜನದ (ಮೆಟ್ಟಿಲ ಪಕ್ಕದ ಸಿಂಹದ ಕೆತ್ತನೆಯ ಕಲ್ಲಿನ) ಮೇಲೆ ಒಂದು ಶಾಸನ ಸಿಕ್ಕಿತು. ಅದು 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎಂಬ ವಾದ ಬಂದಿದೆ. ಕೆಲವರಿಗೆ ಇದರಿಂದ ಬೇಜಾರು. ಹಲ್ಮಿಡಿಯ ಗೌರವ ಕಡಿಮೆಯಾಯಿತು ಎಂದು ಅವರ ಭಾವನೆ. ನನಗೆ ಹಾಗನ್ನಿಸುವುದಿಲ್ಲ. 'ಸದ್ಯಕ್ಕೆ ಸಿಕ್ಕಿರುವುದರಲ್ಲಿ ಹಳೆಯದು' ಎನ್ನುವುದೇ ಸರಿಯಾದ ಮಾತು. ಇನ್ನೂ ಹಳೆಯದೊಂದು ಯಾವುದೋ ಕೆರೆ ಏರಿಯಲ್ಲಿ ಹೂತುಕೊಂಡಿರಬಹುದು.

ಶಾಸನದಲ್ಲಿ ಬರೆದಿದ್ದೆಲ್ಲ ನಿಜವಾ?

ಇಲ್ಲ. ಬರೆಸಿದವರಿಗೆ ಒಂದು ಉದ್ದೇಶ ಇದ್ದೇ ಇರುತ್ತದೆ. ರಾಜನ ಹೊಗಳಿಕೆಯ ಸಾಲುಗಳಲ್ಲಿ ಎಲ್ಲ ರಾಜರೂ ಎಲ್ಲರನ್ನೂ ಗೆದ್ದಿರುತ್ತಾರೆ. ಅದಕ್ಕೇ ಒಂದೇ ಶಾಸನ ಹಿಡಿದುಕೊಂಡು ಯಾವ ದೊಡ್ಡ ಮಾತನ್ನೂ ಹೇಳಬಾರದು. ಸಂಬಂಧವೇ ಇಲ್ಲದ ಇನ್ನೊಂದು ಕಡೆಯಿಂದ ಅದೇ ಮಾತು ಬರಬೇಕು.

ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಎಂದು ಐಹೊಳೆ ಶಾಸನ ಹೇಳುತ್ತದೆ. ಹೇಳುವವನು ಪುಲಕೇಶಿಯ ಆಸರೆಯಲ್ಲಿದ್ದ ಕವಿ. ಆದರೆ ಚೀನಾದಿಂದ ಬಂದ ಹ್ಯೂಯೆನ್ ತ್ಸಾಂಗ್‌ಗೆ ಹರ್ಷ ಬಹಳ ಬೇಕಾದವನು. ಅವನೂ ಹರ್ಷನಿಗೆ ಪುಲಕೇಶಿಯ ನಾಡನ್ನು ಮಣಿಸಲು ಆಗಲಿಲ್ಲ ಎಂದೇ ಬರೆದಿದ್ದಾನೆ. ಆದ್ದರಿಂದ ಒಪ್ಪಬಹುದು. ಇನ್ನು ಐಹೊಳೆ ಶಾಸನ ಕೆತ್ತಿಸಿ ಹತ್ತು ವರ್ಷದೊಳಗೆ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಇದು ಚಾಲುಕ್ಯರು ಸಂಭ್ರಮದಿಂದ ಬರೆಸುವ ವಿಷಯ ಅಲ್ಲವಲ್ಲ. ಬಾದಾಮಿಯ ಬಂಡೆಯ ಮೇಲೆಯೇ ಪಲ್ಲವನ ಶಾಸನ ಇರುವುದರಿಂದ ಅದು ನಮಗೆ ಗೊತ್ತು.

ನನಗೆ ತುಂಬಾ ಇಷ್ಟವಾದ ಇನ್ನೊಂದು ಶಾಸನ ಹೇಳುತ್ತೇನೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದು, ಕಾಲ 949-50. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಹತ್ತಿರ ಮಣಲೇರ ಎಂಬ ವೀರನಿದ್ದ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ಅವನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಕೇಳು ಎಂದರೆ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆಮೇಲೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ಆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಎದುರುಬದುರಾಗಿ ನಿಂತಿವೆ.

ಅದೇ ಕಲ್ಲಿನಲ್ಲಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ ವಿಷಯವೂ ಇದೆ. ಶುರುವಿನಲ್ಲಿ ಓದಿದವರು ಆ ಸಾಲಿಗೆ ಮೋಸದಿಂದ ಕೊಂದ ಎಂದು ಅರ್ಥ ಮಾಡಿದ್ದರು. ಆಮೇಲೆ ಬಂದವರು ಪಡಿಯಚ್ಚನ್ನು ಮತ್ತೆ ಓದಿದರು. ಆನೆಯ ಅಂಬಾರಿಯೇ ಕಾಳಗದ ಕಳವಾಯಿತು ಎಂಬ ಅರ್ಥ ಬಂತು. ಯಾವುದು ಸರಿ? ಚೋಳರ ದಾಖಲೆಗಳು ರಾಜಾದಿತ್ಯನನ್ನು 'ಆನೆಯ ಮೇಲೆ ಮಡಿದ ದೇವರು' ಎಂದು ಕರೆಯುತ್ತವೆ. ಸೋತ ಕಡೆಯವರ ಮಾತು, ಗೆದ್ದ ಕಡೆಯವರ ಕಲ್ಲು ಎರಡೂ ಒಂದಕ್ಕೊಂದು ತಾಳೆಯಾದವು. ತಪ್ಪು ಓದಿನಿಂದ ಬೂತುಗನಿಗೆ ಬಂದಿದ್ದ ಮೋಸಗಾರ ಎಂಬ ಹೆಸರು ಹೀಗೆ ಹೋಯಿತು.

ನಕಲಿ ಶಾಸನಗಳೂ ಇವೆಯಾ?

ಬೇಕಾದಷ್ಟಿವೆ. ಅವನ್ನು ಕೂಟ ಶಾಸನ ಎನ್ನುತ್ತಾರೆ. ಭೂಮಿಯ ಮೇಲೆ ಹಕ್ಕು ತೋರಿಸಲು ಹಳೆಯ ರಾಜನ ಹೆಸರಲ್ಲಿ ತಾಮ್ರಪಟ (ತಾಮ್ರದ ತಗಡಿನ ಮೇಲಿನ ಶಾಸನ) ಬರೆಸುವುದು ಹಿಂದೆಯೂ ನಡೆಯುತ್ತಿತ್ತು.

ಗಂಗರ ತಾಮ್ರಪಟಗಳ ಬಗ್ಗೆ ಇಬ್ಬರು ದೊಡ್ಡ ವಿದ್ವಾಂಸರ ನಡುವೆ ವರ್ಷಾನುಗಟ್ಟಲೆ ವಾದ ನಡೆಯಿತು. ಮೈಸೂರಿನ ಬಿ.ಎಲ್. ರೈಸ್ ಅವುಗಳಲ್ಲಿ ಬಹಳಷ್ಟನ್ನು ಅಸಲಿ ಎಂದು ನಂಬಿದ್ದರು. ಮುಂಬಯಿ ಪ್ರಾಂತ್ಯದ ಜೆ.ಎಫ್. ಫ್ಲೀಟ್ ನಕಲಿ ಎಂದರು. ಮಡಿಕೇರಿ ತಾಮ್ರಪಟವನ್ನೇ ತೆಗೆದುಕೊಳ್ಳಿ. 388ನೆಯ ವರ್ಷ ಎಂದಿದೆ, ಯಾವ ಶಕೆ ಎಂದಿಲ್ಲ. ಶಾಲಿವಾಹನ ಶಕೆ ಎಂದರೆ 466 ಆಗುತ್ತದೆ. ಆದರೆ ಅದರಲ್ಲಿ ಎಷ್ಟೋ ಆಮೇಲೆ ಬಂದ ರಾಷ್ಟ್ರಕೂಟರ ಕಾಲದ ಅಕಾಲವರ್ಷ ಎಂಬ ಬಿರುದು ಬರುತ್ತದೆ, ಅಕ್ಷರಗಳೂ ಅಷ್ಟು ಹಳೆಯವಲ್ಲ.

ಈ ವಾದದಲ್ಲಿ ಕಲಿಯುವುದಿದೆ. ಇಬ್ಬರೂ ತಾಮ್ರಪಟಗಳ ಚಿತ್ರ, ಪಾಠ, ತಮ್ಮ ಕಾರಣ ಎಲ್ಲವನ್ನೂ ಅಚ್ಚು ಹಾಕಿಸಿದರು. ಮುಂದೆ ಪೆನುಕೊಂಡ ತಾಮ್ರಪಟ ಸಿಕ್ಕಾಗ, ಅದುವರೆಗೆ ಗಂಗರ ಪಟಗಳನ್ನು ತಳ್ಳಿಹಾಕುತ್ತಿದ್ದ ಫ್ಲೀಟ್ ಅದು ಅಸಲಿ ಎಂದು ಒಪ್ಪಿದರು. ಇವತ್ತು ಗಂಗರ ಪಟಗಳಲ್ಲಿ ಕೆಲವು ಅಸಲಿ, ಕೆಲವು ಕೂಟ ಎಂಬುದು ಸಾಮಾನ್ಯ ಅಭಿಪ್ರಾಯ. ಕೂಟ ಶಾಸನ ಕೂಡ ಬಿಸಾಡುವ ವಸ್ತು ಅಲ್ಲ. ಯಾವ ಕಾಲದಲ್ಲಿ, ಯಾವ ಜಮೀನಿಗಾಗಿ ಸುಳ್ಳು ಬರೆದರು ಎಂಬುದೂ ಇತಿಹಾಸವೇ ಅಲ್ವಾ?

ಬೆಂಗಳೂರಿನ 'ಬೆಂದ ಕಾಳು' ಕಥೆ ಸುಳ್ಳಾ?

ಹೊಯ್ಸಳ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿ ಬಂದಾಗ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರಿಗೆ ಬೆಂದಕಾಳೂರು ಎಂದು ಹೆಸರಾಯಿತು ಎಂಬುದು ಕಥೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಪಂಚಲಿಂಗೇಶ್ವರ ಗುಡಿಯಲ್ಲಿರುವ ಗಂಗರ ಕಾಲದ ಶಾಸನ ಸುಮಾರು 900ರದ್ದು. ಅದರಲ್ಲಿ ಬೆಂಗಳೂರ ಕಾಳಗದಲ್ಲಿ ಬೇಗೂರಿನ ನಾಯಕ ನಾಗತ್ತರನ ಕಡೆಯ ಒಬ್ಬ ಸೆಟ್ಟಿ ಸತ್ತ ಎಂದಿದೆ. ಬಲ್ಲಾಳನಿಗಿಂತ ಸುಮಾರು ಇನ್ನೂರೆಪ್ಪತ್ತು ವರ್ಷ ಮೊದಲೇ ಹೆಸರಿತ್ತು. ಹಾಗಾಗಿ ಹೆಸರು ಬಂದ ಕಾರಣವಾಗಿ ಆ ಕಥೆ ನಿಲ್ಲುವುದಿಲ್ಲ. ಮೊಮ್ಮಕ್ಕಳಿಗೆ ಕಥೆ ಹೇಳಿ, ಖಂಡಿತ. ಜೊತೆಗೆ ಒಂದು ಭಾನುವಾರ ಬೇಗೂರಿಗೂ ಕರೆದುಕೊಂಡು ಹೋಗಿ.

ಇದನ್ನೆಲ್ಲ ಬ್ರಿಟಿಷರೇ ಮಾಡಿದ್ದಾ?

ಶುರು ಮಾಡಿದವರಲ್ಲಿ ಅವರಿದ್ದರು. ರೈಸ್ ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ, ಪ್ರಿನ್ಸೆಪ್ ಬ್ರಾಹ್ಮಿ ಓದಿದ ಅದೇ ವರ್ಷ. 1886ರಿಂದ ಶುರುವಾಗಿ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು 'ಎಪಿಗ್ರಾಫಿಯ ಕರ್ನಾಟಿಕ' ಹೆಸರಿನಲ್ಲಿ ಹೊರತಂದರು. ಆದರೆ ಹಳೆಯ ಲಿಪಿ, ಸಂಸ್ಕೃತ, ಹಳಗನ್ನಡ ಬಲ್ಲ ಪಂಡಿತರು ಜೊತೆಗಿಲ್ಲದೆ ಅದು ಆಗುವ ಕೆಲಸವೇ ಅಲ್ಲ. ಅವರಲ್ಲಿ ಬಹಳ ಜನರ ಹೆಸರು ಪುಸ್ತಕದ ಮೇಲಿಲ್ಲ. ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ.

ರೈಸ್ ನಂತರ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಮೈಸೂರಿನ ಪುರಾತತ್ವ ಇಲಾಖೆ ನಡೆಸಿದರು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯ ಆ ಸಂಪುಟಗಳನ್ನು ಪರಿಷ್ಕರಿಸಿ, ಹೊಸ ಶಾಸನ ಸೇರಿಸಿ ಮತ್ತೆ ಹೊರತರಲು ಶುರು ಮಾಡಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲಾವಾರು ಸಂಪುಟ ತಂದಿದೆ. ಎಂ. ಚಿದಾನಂದಮೂರ್ತಿಯವರು ಶಾಸನಗಳಿಂದ ರಾಜರ ಪಟ್ಟಿ ಮಾಡುವುದರ ಆಚೆಗೆ ಹೋಗಿ, ಅಂದಿನ ಜನ ಹೇಗೆ ಬದುಕಿದರು ಎಂದು ನೋಡಿದರು. ಆ ದಿಕ್ಕಿನಲ್ಲಿ ಇನ್ನೂ ಮಾಡುವ ಕೆಲಸ ಜಾಸ್ತಿ ಇದೆ.

ಕಲ್ಲಿನ ಕೆಳಗೆ ನಿಧಿ ಇರುತ್ತಂತೆ, ಹೌದಾ?

ಇಲ್ಲ. ಈ ಒಂದು ನಂಬಿಕೆಯಿಂದ ಹಾಳಾದಷ್ಟು ಶಾಸನಗಳು ಮಳೆ ಗಾಳಿಗೆ ಹಾಳಾಗಿರಲಿಕ್ಕಿಲ್ಲ. ರಾತ್ರಿ ಅಗೆದು, ಕಲ್ಲು ಒಡೆದು ಹೋಗುತ್ತಾರೆ. ಕಲ್ಲಿನ ಮೇಲೆ ಇರುವುದು ಗದ್ದೆಯ ಅಳತೆ, ಸತ್ತವನ ಹೆಸರು, ಶಾಪ. ಹಾಗೊಂದು ವೇಳೆ ಯಾರಿಗಾದರೂ ನೆಲದಲ್ಲಿ ನಿಧಿ ಸಿಕ್ಕರೂ 1878ರ ನಿಧಿ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು.

ನಮ್ಮೂರಲ್ಲಿ ಬರಹ ಇರುವ ಕಲ್ಲು ಇದೆ. ನಾನು ತಜ್ಞನಲ್ಲ. ಏನು ಮಾಡಲಿ?

ಮೊದಲು ಅದು ಇರುವ ಜಾಗದಲ್ಲೇ ಇರಲಿ. ಶಾಸನದ ಎಲ್ಲೆ, ಕೆರೆ, ಗುಡಿ ಎಲ್ಲ ಆ ಜಾಗಕ್ಕೇ ಸೇರಿದ್ದು. ರಸ್ತೆ ಕೆಲಸ, ಚರಂಡಿ ಕೆಲಸ ಬಂದು ಕಲ್ಲಿಗೆ ಅಪಾಯ ಎನ್ನಿಸಿದರೆ ಮಾತ್ರ ಪಂಚಾಯ್ತಿಯವರನ್ನು, ಪುರಾತತ್ವ ಇಲಾಖೆಯವರನ್ನು ಕೇಳಿ ಸ್ಥಳಾಂತರ ಮಾಡಿಸಿ. ಎಲ್ಲಿಂದ ಎಲ್ಲಿಗೆ ಎಂದು ಬರೆದಿಡಿ.

ಬಣ್ಣ, ಸುಣ್ಣ, ಸಿಮೆಂಟು ಬೇಡ. ಸ್ಯಾಂಡ್‌ಬ್ಲಾಸ್ಟ್ ಮಾಡಿ, ಅಂದರೆ ಮರಳು ಜೋರಾಗಿ ಚಿಮ್ಮಿಸಿ ಗುಡಿ ಹೊಳೆಯಿಸುವ ಕಂಟ್ರಾಕ್ಟರಿಗೆ ಗೋಡೆಯ ಮೇಲೆ ಬರಹ ಇದೆಯೆಂದು ಮೊದಲೇ ತೋರಿಸಿ. ಒಂದು ಮಧ್ಯಾಹ್ನದಲ್ಲಿ ಎಂಟುನೂರು ವರ್ಷದ ಅಕ್ಷರ ಪೂರ್ತಿ ಅಳಿಸಿಹೋಗುತ್ತದೆ.

ಬೆಳಿಗ್ಗೆ ಅಥವಾ ಸಂಜೆಯ ಬಿಸಿಲಲ್ಲಿ ಎಲ್ಲ ಮುಖಗಳ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಊರಿನ ಹಿರಿಯರು ಆ ಕಲ್ಲಿಗೆ ಏನೆಂದು ಕರೆಯುತ್ತಾರೆ, ಮೊದಲು ಎಲ್ಲಿತ್ತು ಎಂದು ಕೇಳಿ ಬರೆದುಕೊಳ್ಳಿ. ಅದನ್ನು ಹೇಳಬಲ್ಲವರು ಹತ್ತು ವರ್ಷದ ಮೇಲೆ ಇರುವುದಿಲ್ಲ. ಆಮೇಲೆ ನಿಮ್ಮ ತಾಲ್ಲೂಕಿನ ಶಾಸನ ಸಂಪುಟ ನೋಡಿ. ಹಳೆಯ ಸಂಪುಟಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಊರಿನ ಹೆಸರು ಹುಡುಕಿದರೆ ನಿಮ್ಮ ಕಲ್ಲು ಆಗಲೇ ಅಚ್ಚಾಗಿರಬಹುದು. ಆಗ ಅಚ್ಚಾದ ಪಾಠವನ್ನು ಕಲ್ಲಿನ ಜೊತೆ ಸಾಲು ಸಾಲಾಗಿ ಹೋಲಿಸಿ. ಬಿಟ್ಟುಹೋದ ಸಾಲು, ತಪ್ಪಿದ ಅಕ್ಷರ ಸಿಕ್ಕರೆ ಅದೂ ಒಂದು ಶೋಧನೆಯೇ.

ಸಾಮಾನ್ಯ ಜನರಿಂದ ಏನಾಗುತ್ತದೆ ಎನ್ನುವವರಿಗೆ ಹೆಬ್ಬಾಳದ ಕಿಟ್ಟಯ್ಯನ ವೀರಗಲ್ಲು ನೋಡಲು ಹೇಳುತ್ತೇನೆ. ಸುಮಾರು 750ರದ್ದು, ಗಂಗರ ಶ್ರೀಪುರುಷನ ಕಾಲದ್ದು. 2018ರಲ್ಲಿ ಊರಿನವರ, ಆಸಕ್ತರ ಕಣ್ಣಿಗೆ ಬಿದ್ದು ಉಳಿಯಿತು. ಈಗ ಅದಕ್ಕೆ ಮಂಟಪ ಇದೆ.

ಹಳೆಯ ಲಿಪಿ ಓದಲು ನಾನೂ ಕಲಿಯಬಹುದಾ?

ಧಾರಾಳವಾಗಿ. ವಿಜಯನಗರ ಕಾಲದ ಶಾಸನದಿಂದ ಶುರು ಮಾಡಿ, ಅಕ್ಷರಗಳು ಇವತ್ತಿನವಕ್ಕೆ ಹತ್ತಿರ ಇರುತ್ತವೆ. ಅಲ್ಲಿಂದ ಹೊಯ್ಸಳರ ಕಾಲಕ್ಕೆ ಹೋಗಿ. ಹೊಯ್ಸಳರದು ಮುತ್ತಿನಂಥ ಅಕ್ಷರ, ಕಲ್ಲೂ ನುಣುಪು. ಬೇಲೂರಿನಲ್ಲಿ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಹೆಸರು ಬರೆದುಕೊಂಡಿದ್ದಾರೆ. ಚಿಕ್ಕ ಬರಹಗಳಾದ್ದರಿಂದ ಅಭ್ಯಾಸಕ್ಕೆ ಒಳ್ಳೆಯದು. ಗಂಗರು, ಬಾದಾಮಿ ಚಾಲುಕ್ಯರು ಅದರ ನಂತರ.

ಒಬ್ಬರೇ ಓದಬೇಡಿ, ಜೊತೆಗೊಬ್ಬರು ಇರಲಿ. ಇಬ್ಬರೂ ಬೇರೆ ಬೇರೆ ಕೂತು ಓದಿ, ಬರೆದು, ಆಮೇಲೆ ಹಾಳೆ ಬದಲಾಯಿಸಿಕೊಳ್ಳಿ. ಎಲ್ಲಿ ವ್ಯತ್ಯಾಸ ಬಂತೋ ಆ ಸಾಲಿಗೆ ಟಾರ್ಚ್ ಹಿಡಿದು ಮತ್ತೆ ಕಲ್ಲಿನ ಹತ್ತಿರ ಹೋಗಿ.